ಹಸಿರು ಹೈಡ್ರೋಜನ್ ಮತ್ತು ಫ್ಯೂಯೆಲ್ ಸೆಲ್ ಕ್ಯಾಟಲಿಸ್ಟ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನ ಕಾಲೇಜು ವಿದ್ಯಾರ್ಥಿಗಳು, ಹೈಸ್ಕೂಲ್ ಮೇಷ್ಟ್ರುಗಳು, ಪಾವಗಡ ಕಡೆಯ ರೈತರು, ಪಿಎಚ್‌ಡಿಗೆ ಹೊಸದಾಗಿ ಸೇರಿದವರು ಮಾತಿನಲ್ಲಿ, ಪತ್ರದಲ್ಲಿ ತಿರುತಿರುಗಿ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಹಾಕಿದೆ. ಹಸಿರು ಹೈಡ್ರೋಜನ್ ಅಂದರೆ ಬಿಸಿಲು, ಗಾಳಿಯ ಕರೆಂಟಿನಿಂದ ನೀರು ಒಡೆದು ಪಡೆಯುವ ಹೈಡ್ರೋಜನ್. ಪ್ರಶ್ನೆಗಳನ್ನು ಕೇಳಿದವರ ಬಾಯಿಮಾತಿನಲ್ಲೇ ಬಿಟ್ಟಿದ್ದೇವೆ. ಸುಲಭದಿಂದ ಕಷ್ಟದ ಕಡೆಗೆ ಜೋಡಿಸಿದೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಿಕೊಳ್ಳಬಹುದು.

### ಮೊದಲ ಪ್ರಶ್ನೆಗಳು

ನೀರಿಂದ ಹೈಡ್ರೋಜನ್ ತೆಗೀಬಹುದು ಅಂದ್ಮೇಲೆ ಬರೀ ನೀರಲ್ಲೇ ಗಾಡಿ ಓಡಿಸಬಹುದಲ್ವಾ ಸರ್?

ಆಗುವುದಿಲ್ಲ. ನೀರೆಂದರೆ ಆಗಲೇ ಉರಿದು ಮುಗಿದ ಹೈಡ್ರೋಜನ್, ಒಲೆಯ ಬೂದಿ ಇದ್ದ ಹಾಗೆ. ಅದನ್ನು ಮತ್ತೆ ಹೈಡ್ರೋಜನ್ ಮಾಡಬೇಕಾದರೆ, ಉರಿದಾಗ ಹೊರಬಂದ ಶಕ್ತಿಯನ್ನೆಲ್ಲ ಹೊರಗಿನಿಂದ ವಾಪಸ್ ಕೊಡಬೇಕು. 1 ಕೆ.ಜಿ. ಹೈಡ್ರೋಜನ್‌ಗೆ ತತ್ವದ ಲೆಕ್ಕದಲ್ಲೇ 39.4 ಯೂನಿಟ್ ವಿದ್ಯುತ್ ಬೇಕು. ಇವತ್ತಿನ ಯಂತ್ರಗಳಿಗೆ ಸುಮಾರು 50ರಿಂದ 55 ಯೂನಿಟ್ ಹಿಡಿಯುತ್ತದೆ. ಅದೇ 1 ಕೆ.ಜಿ.ಯನ್ನು ಫ್ಯೂಯೆಲ್ ಸೆಲ್‌ಗೆ (ಹೈಡ್ರೋಜನ್, ಆಕ್ಸಿಜನ್ ಕೂಡಿಸಿ ಕರೆಂಟ್ ಮಾಡುವ ಸಾಧನ) ಕೊಟ್ಟರೆ ವಾಪಸ್ ಬರುವುದು 16–18 ಯೂನಿಟ್.

ಮನೆಯ ಲೆಕ್ಕಕ್ಕೆ ಇಳಿಸಿದರೆ, 1 ಕಿಲೋವ್ಯಾಟ್ ಸೋಲಾರ್ ಪ್ಯಾನೆಲ್ ದಿನಕ್ಕೆ 4 ಯೂನಿಟ್ ಕೊಟ್ಟರೆ 75 ಗ್ರಾಂ ಹೈಡ್ರೋಜನ್ ಆಗುತ್ತದೆ, ಅದರಿಂದ ಮರಳಿ ಸಿಗುವುದು ಸುಮಾರು ಒಂದೂಕಾಲು ಯೂನಿಟ್. ಅದೇ ಕರೆಂಟನ್ನು ಬ್ಯಾಟರಿಗೆ ತುಂಬಿದ್ದರೆ ಮೂರೂವರೆ ಯೂನಿಟ್ ಸಿಗುತ್ತಿತ್ತು. ಹಾಗಾಗಿ ಮನೆ ದೀಪಕ್ಕೂ ಸ್ಕೂಟರಿಗೂ ಬ್ಯಾಟರಿಯೇ ಸರಿ. ಹೈಡ್ರೋಜನ್ ಬೇಕಾಗಿರುವುದು ಗೊಬ್ಬರಕ್ಕೆ ಅಮೋನಿಯ ಮಾಡಲು, ಉಕ್ಕು ತಯಾರಿಸಲು, ಬ್ಯಾಟರಿ ಭಾರ ತಡೆಯದ ದೂರದ ಸಾಗಾಟಕ್ಕೆ.

ಕರೆಂಟ್ ಹಾಯಿಸಿದ್ರೆ ನೀರು ಒಡೆಯುತ್ತೆ. ಮಧ್ಯೆ ಈ ಕ್ಯಾಟಲಿಸ್ಟ್ ಯಾಕೆ?

ನೀರು ಒಡೆಯಲು 25 ಡಿಗ್ರಿಯಲ್ಲಿ ಕನಿಷ್ಠ 1.23 ವೋಲ್ಟ್ ಬೇಕು. ಹೊರಗಿನ ಶಾಖದ ನೆರವಿಲ್ಲದೆ ಒಡೆಯಬೇಕಾದರೆ 1.48 ವೋಲ್ಟ್. ಆದರೆ ಕಾರ್ಖಾನೆಯ ಸೆಲ್‌ಗಳು ನಡೆಯುವುದು 1.8ರಿಂದ 2 ವೋಲ್ಟ್‌ನಲ್ಲಿ. ನಡುವಿನ ವ್ಯತ್ಯಾಸವೆಲ್ಲ ಬಿಸಿಯಾಗಿ ಹೋಗುತ್ತದೆ. ಪ್ರತಿ 0.1 ವೋಲ್ಟ್ ಹೆಚ್ಚಿದರೆ 1 ಕೆ.ಜಿ. ಹೈಡ್ರೋಜನ್‌ಗೆ ಸುಮಾರು 2.7 ಯೂನಿಟ್ ದಂಡ. ಪಠ್ಯಪುಸ್ತಕ ಕ್ರಿಯಾವರ್ಧಕ ಎನ್ನುವ ವಸ್ತು ಈ ದಂಡವನ್ನು ಕಡಿಮೆ ಮಾಡುತ್ತದೆ. 1.23ನ್ನು ಅದು ಇಳಿಸಲಾರದು. ಅದರ ಮೇಲಿನ ಹೆಚ್ಚುವರಿ ವೋಲ್ಟೇಜನ್ನು, ಅಂದರೆ ಓವರ್‌ಪೊಟೆನ್ಷಿಯಲನ್ನು, ಮಾತ್ರ ಇಳಿಸಬಲ್ಲದು.

ಹೆಚ್ಚು ಕಾಡುವುದು ಆಕ್ಸಿಜನ್ ಬರುವ ಆನೋಡ್. ಹೈಡ್ರೋಜನ್‌ನ ಒಂದು ಅಣುವಿಗೆ ಎರಡು ಎಲೆಕ್ಟ್ರಾನ್ ಸಾಕು. ಆಕ್ಸಿಜನ್‌ಗೆ ನಾಲ್ಕು ಎಲೆಕ್ಟ್ರಾನ್ ಬಿಡಿಸಬೇಕು, ಎರಡು ಆಕ್ಸಿಜನ್ ಪರಮಾಣುಗಳನ್ನು ಕೂಡಿಸಬೇಕು. ಈ ಹಂತಗಳಲ್ಲಿ ಯಾವುದು ನಿಧಾನವೋ ಅದೇ ಇಡೀ ಸೆಲ್‌ನ ವೇಗವನ್ನು ತೀರ್ಮಾನಿಸುತ್ತದೆ. ಫ್ಯೂಯೆಲ್ ಸೆಲ್‌ನಲ್ಲೂ ಕಷ್ಟ ಕೊಡುವುದು ಇದೇ ಆಕ್ಸಿಜನ್, ಅಲ್ಲಿ ಕ್ರಿಯೆ ತಿರುಗಾಮುರುಗ ಅಷ್ಟೆ.

ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಉಪ್ಪುನೀರಲ್ಲಿ ಮಾಡಿಸಬಹುದಾ?

ಉಪ್ಪು ಬೇಡ. ಆನೋಡ್‌ನಲ್ಲಿ ಆಕ್ಸಿಜನ್ ಬದಲು ಕ್ಲೋರಿನ್ ಬರುತ್ತದೆ, ಮಕ್ಕಳ ಮೂಗಿಗೆ ಅದು ಅಪಾಯ. ವಾಷಿಂಗ್ ಸೋಡಾ ಹಾಕಿ. ಅರ್ಧ ಲೀಟರ್ ನೀರಿಗೆ ಎರಡು ಚಮಚ ಸಾಕು. ಪೆನ್ಸಿಲ್ ಕಡ್ಡಿ ಬಳಸಿದರೆ ಆನೋಡ್ ಕಡೆಯದು ಸವೆದು ನೀರು ಕಪ್ಪಾಗುತ್ತದೆ. ಇಂಗಾಲವೂ ಆಕ್ಸಿಜನ್ ತಿನ್ನುವುದರಿಂದ ಅನಿಲಗಳು 2:1 ಪ್ರಮಾಣಕ್ಕೆ ಬರುವುದಿಲ್ಲ. ನಿಕಲ್ ಪಟ್ಟಿ ಸಿಕ್ಕರೆ ಅಳತೆ ಸರಿಯಾಗಿ ಕೂರುತ್ತದೆ. ಸ್ಟೀಲ್ ಚಮಚ ಬೇಡ, ಅದರಿಂದ ಕ್ರೋಮಿಯಂ ಬಿಟ್ಟುಕೊಳ್ಳುವ ಸಾಧ್ಯತೆ ಇದೆ. ಎರಡು ಅನಿಲಗಳನ್ನು ಒಂದೇ ನಳಿಕೆಯಲ್ಲಿ ಕೂಡಿಡಲೇಬೇಡಿ.

ಪಾವಗಡದ ಸೋಲಾರ್ ಕರೆಂಟಲ್ಲೇ ಹೈಡ್ರೋಜನ್ ಮಾಡಿದ್ರೆ ಎಷ್ಟಾಗುತ್ತೆ? ನೀರು ಎಲ್ಲಿಂದ ತರ್ತಾರೆ?

ಪಾವಗಡ ಸೋಲಾರ್ ಪಾರ್ಕಿನ ಸಾಮರ್ಥ್ಯ 2,050 ಮೆಗಾವ್ಯಾಟ್. ಆ ಕರೆಂಟು ಈಗ ಗ್ರಿಡ್‌ಗೆ ಹೋಗುತ್ತಿದೆ. ಲೆಕ್ಕಕ್ಕೋಸ್ಕರ, ಅದು ಪೂರ್ತಿ ಉತ್ಪಾದಿಸುವ ಮಟಮಟ ಮಧ್ಯಾಹ್ನದ ಒಂದು ಗಂಟೆಯನ್ನು ತೆಗೆದುಕೊಂಡರೆ, ಕೆ.ಜಿ.ಗೆ 52 ಯೂನಿಟ್‌ನಂತೆ ಸುಮಾರು 39 ಟನ್ ಹೈಡ್ರೋಜನ್. 1 ಕೆ.ಜಿ.ಗೆ 9 ಲೀಟರ್ ಶುದ್ಧ ನೀರು ಬೇಕು, ಹಾಗಾಗಿ ಆ ಒಂದು ಗಂಟೆಗೆ ಮೂರೂವರೆ ಲಕ್ಷ ಲೀಟರ್. ಆರ್‌ಒದಲ್ಲಿ ಅರ್ಧ ನೀರು ಹೊರಗೆ ಹೋದರೆ ಏಳು ಲಕ್ಷ. ಬರದ ತಾಲ್ಲೂಕಿಗೆ ಇದು ಸಣ್ಣ ಮಾತಲ್ಲ. ಈ ಪ್ರಶ್ನೆ ಕೇಳುವ ರೈತರು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ. ಬಿಸಿಲಿದ್ದ ಕಡೆಯೇ ಹೈಡ್ರೋಜನ್ ಮಾಡಬೇಕೆಂಬ ನಿಯಮವಿಲ್ಲ. ಕರೆಂಟು ತಂತಿಯಲ್ಲಿ ನೀರಿರುವ ಕಡೆಗೆ ಹೋಗಬಲ್ಲದು. 2023ರ ಜನವರಿಯಲ್ಲಿ ಕೇಂದ್ರ ಒಪ್ಪಿದ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ನ ಗುರಿ 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್. ಜಾಗ ಆರಿಸುವಾಗ ನೀರಿನ ಲೆಕ್ಕವನ್ನು ಮೊದಲು ಹಾಕಬೇಕು.

ಸೋಲಾರ್‌ನಿಂದ ಕ್ಯಾಟಲಿಸ್ಟ್‌ಗೂ ಒಂದು ತೊಂದರೆ ಇದೆ. ಮೋಡ ಬಂದು ಕರೆಂಟ್ ಇಳಿದಾಗ ಆಕ್ಸಿಜನ್ ಉತ್ಪತ್ತಿ ಕುಗ್ಗುತ್ತದೆ, ಆದರೆ ಎರಡು ಅನಿಲಗಳ ನಡುವಿನ ಪರದೆ ದಾಟಿ ನುಸುಳುವ ಹೈಡ್ರೋಜನ್ ಅಷ್ಟೇ ಇರುತ್ತದೆ. ಆಕ್ಸಿಜನ್ ಕಡೆ ಅದು ಶೇ. 2 ಮುಟ್ಟಿದರೆ ಯಂತ್ರ ನಿಲ್ಲಿಸಬೇಕು, ಶೇ. 4ರಿಂದಾಚೆ ಸ್ಫೋಟದ ಅಪಾಯ. ನಿಲ್ಲಿಸಿದಾಗ ಕರೆಂಟು ಹಿಮ್ಮುಖವಾಗಿ ಹರಿದು, ಹೈಡ್ರೋಜನ್ ಬರುವ ಕ್ಯಾಥೋಡ್‌ನ ನಿಕಲ್ ಆಕ್ಸೈಡ್ ಆಗುತ್ತದೆ. ದಿನಾ ಸಂಜೆ ನಿಂತು ಬೆಳಿಗ್ಗೆ ಏಳುವುದನ್ನು ತಾಳಿಕೊಳ್ಳುವ ಎಲೆಕ್ಟ್ರೋಡ್ ಇವತ್ತಿನ ನಿಜವಾದ ಸಂಶೋಧನೆಯ ವಿಷಯ. ನಮ್ಮ ಬಿಸಿಲಿನ ಸೀಮೆಯಲ್ಲಿ ಅದನ್ನು ಹಿಡಿದು ಕೂತರೆ ಸಾರ್ಥಕ.

ಬೋರ್‌ವೆಲ್ ನೀರು ನೇರವಾಗಿ ಹಾಕಿದ್ರೆ ಏನಾಗುತ್ತೆ?

ಗಡಸು ನೀರಿಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ ಕ್ಷಾರದ ಸೆಲ್‌ಗಳಲ್ಲಿ ನೀರಿಗೆ ಬೆರೆಸುವ ಕ್ಷಾರ, ಹಾಕಿದ ಕೂಡಲೇ ಹಾಲಿನಂತೆ ಬಿಳಿ ಕದಡು ಕಾಣುತ್ತದೆ. ಅದು ಕ್ಯಾಲ್ಸಿಯಂ ಕಾರ್ಬೊನೇಟ್ ಮತ್ತು ಮೆಗ್ನೀಸಿಯಂ ಹೈಡ್ರಾಕ್ಸೈಡ್. ಕ್ಯಾಥೋಡ್ ಮೇಲೆ ಇದು, ಗೀಸರ್ ಕಾಯಿಲ್ ಮೇಲೆ ಕಟ್ಟುವ ಪದರದಂತೆಯೇ, ಗಟ್ಟಿಯಾಗಿ ಕೂರುತ್ತದೆ. ಕ್ಲೋರೈಡ್ ಆನೋಡನ್ನು ಕೊರೆಯುತ್ತದೆ. ಪಾವಗಡ ಕಡೆಯ ನೀರಿನಲ್ಲಿರುವ ಫ್ಲೋರೈಡ್, ಪಿಇಎಂ ಸೆಲ್‌ನ (ಪ್ರೋಟಾನ್ ದಾಟಿಸುವ ಪ್ಲಾಸ್ಟಿಕ್ ಪರದೆಯ ಸೆಲ್) ಟೈಟೇನಿಯಂ ಭಾಗಗಳ ರಕ್ಷಣಾ ಪದರವನ್ನೇ ತಿನ್ನುತ್ತದೆ. ಪಿಇಎಂಗೆ ಹಾಕುವ ನೀರಿನ ವಾಹಕತೆ ಸೆಂ.ಮೀ.ಗೆ 1 ಮೈಕ್ರೊಸೀಮೆನ್ಸ್‌ಗಿಂತ ಕೆಳಗಿರಬೇಕು. ಮನೆಯ ಆರ್‌ಒ ನೀರು ಇದರ ಹತ್ತಿರಕ್ಕೂ ಬರುವುದಿಲ್ಲ. ಅದರ ಮುಂದೆ ಅಯಾನ್ ವಿನಿಮಯದ ರಾಳದ ಕಾಲಮ್ ಬೇಕೇ ಬೇಕು.

ಪ್ಲಾಟಿನಂ ಬಿಟ್ಟು ನಿಕಲ್, ಕಬ್ಬಿಣ ಅಂತ ಎಲ್ಲರೂ ಯಾಕೆ ಹೋಗ್ತಿದ್ದಾರೆ?

ಪ್ಲಾಟಿನಂಗಿಂತ ದೊಡ್ಡ ಕೊರತೆ ಇರಿಡಿಯಂನದು. ಇಡೀ ಪ್ರಪಂಚದ ಗಣಿಗಳಿಂದ ವರ್ಷಕ್ಕೆ ಸಿಗುವುದು ಸುಮಾರು 7–8 ಟನ್, ಬಹುಪಾಲು ದಕ್ಷಿಣ ಆಫ್ರಿಕಾದಿಂದ. ಆಮ್ಲದ ಪಿಇಎಂ ಸೆಲ್‌ನ ಆನೋಡ್‌ನಲ್ಲಿ ಅದರ ಹೊರತು ದೀರ್ಘಕಾಲ ತಡೆಯುವ ವಸ್ತು ಹೆಚ್ಚುಕಡಿಮೆ ಇಲ್ಲ. ರುಥೇನಿಯಂ ಆಕ್ಸೈಡ್ ಚುರುಕಾಗಿದ್ದರೂ ಕರಗುತ್ತದೆ. ನಿಕಲ್, ಕೋಬಾಲ್ಟ್ ಆಮ್ಲದಲ್ಲಿ ನಿಲ್ಲುವುದೇ ಇಲ್ಲ. ಕ್ಷಾರದಲ್ಲಿ ಮಾತ್ರ ನಿಕಲ್-ಕಬ್ಬಿಣ ಗಟ್ಟಿಯಾಗಿ ನಿಂತು ಇರಿಡಿಯಂಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಕಡಿಮೆ ಖರ್ಚಿನಲ್ಲಿ ಕೆಲಸ ಆರಂಭಿಸುವ ಕಾಲೇಜು ಲ್ಯಾಬ್‌ಗೆ ಕ್ಷಾರದ ದಾರಿಯೇ ಒಳ್ಳೆಯದು.

### ಲ್ಯಾಬಿನಲ್ಲಿ

ನಿಕಲ್-ಕಬ್ಬಿಣದ ಎಲ್‌ಡಿಎಚ್ ಮಾಡೋ ಸರಿಯಾದ ಅಳತೆ ಹೇಳಿ. ನಮ್ಮದು ತಳದಲ್ಲಿ ಕೆಂಪು ಪುಡಿ ಆಗುತ್ತೆ.

ಎಲ್‌ಡಿಎಚ್ ಅಂದರೆ ಎರಡು ಲೋಹಗಳ ಹೈಡ್ರಾಕ್ಸೈಡ್ ಪದರ ಪದರವಾಗಿ ಕೂತ ವಸ್ತು. 2×3 ಸೆಂ.ಮೀ. ನಿಕಲ್ ಫೋಮನ್ನು (ಸ್ಪಂಜಿನಂತಿರುವ ನಿಕಲ್ ಹಾಳೆ) ಅಸಿಟೋನ್‌ನಲ್ಲಿ 10 ನಿಮಿಷ, 3 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 10 ನಿಮಿಷ ಸೋನಿಕೇಟ್ ಮಾಡಿ (ಶ್ರವಣಾತೀತ ಶಬ್ದತರಂಗದಲ್ಲಿ ಅಲುಗಿಸಿ), ನೀರು ಮತ್ತು ಎಥನಾಲ್‌ನಲ್ಲಿ ತೊಳೆಯಿರಿ. ಆಮ್ಲದಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಫೋಮ್ ಹಪ್ಪಳದಂತೆ ಮುರಿಯುತ್ತದೆ. 35 ಮಿ.ಲೀ. ನೀರಿನಲ್ಲಿ ನಿಕಲ್ ನೈಟ್ರೇಟ್ ಹೆಕ್ಸಾಹೈಡ್ರೇಟ್ 0.436 ಗ್ರಾಂ, ಫೆರಿಕ್ ನೈಟ್ರೇಟ್ ನೊನಾಹೈಡ್ರೇಟ್ 0.202 ಗ್ರಾಂ, ಯೂರಿಯಾ 0.60 ಗ್ರಾಂ ಕರಗಿಸಿ. ನಿಕಲ್ ಮತ್ತು ಕಬ್ಬಿಣ 3:1 ಆಗುತ್ತದೆ. 50 ಮಿ.ಲೀ. ಟೆಫ್ಲಾನ್ ಆಟೋಕ್ಲೇವ್‌ಗೆ (ಬಿಗಿಯಾಗಿ ಮುಚ್ಚುವ ಒತ್ತಡದ ಪಾತ್ರೆ) ಸುರಿದು, ಫೋಮನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, 120 ಡಿಗ್ರಿಯಲ್ಲಿ 12 ಗಂಟೆ ಇಡಿ.

ಕೆಂಪು ಪುಡಿ ಬರುವುದಕ್ಕೆ ಕಾರಣ, ಕಬ್ಬಿಣ ಪಿಎಚ್ 2–3ರಲ್ಲೇ ಕೆಳಗಿಳಿಯುತ್ತದೆ, ನಿಕಲ್‌ಗೆ 7ರ ಆಸುಪಾಸು ಬೇಕು. ಯೂರಿಯಾ ಬಿಸಿಯಲ್ಲಿ ನಿಧಾನವಾಗಿ ಅಮೋನಿಯ ಬಿಡುವುದರಿಂದ ಇಬ್ಬರೂ ಒಟ್ಟಿಗೆ ಕೂರಲು ಸಮಯ ಸಿಗುತ್ತದೆ. ನೀವು ಕಬ್ಬಿಣವನ್ನು ಮೂರನೇ ಒಂದು ಪಾಲಿಗಿಂತ ಹೆಚ್ಚು ಹಾಕಿದ್ದರೆ, ಅಥವಾ ದ್ರಾವಣವನ್ನು ರಾತ್ರಿಯಿಡೀ ಹೊರಗೆ ಬಿಟ್ಟು ಬೆಳಿಗ್ಗೆ ಒಲೆಗೆ ಇಟ್ಟಿದ್ದರೆ, ಕಬ್ಬಿಣ ಬೇರೆಯಾಗಿಯೇ ಬೀಳುತ್ತದೆ. ಫೆರಿಕ್ ನೈಟ್ರೇಟ್ ಗಾಳಿಯ ತೇವ ಹೀರಿ ನೀರಾಗಿದ್ದರೂ ತೂಕ ತಪ್ಪುತ್ತದೆ.

ಆಟೋಕ್ಲೇವನ್ನು ಕೈಗೆ ತಣ್ಣಗಾಗುವ ತನಕ ತೆರೆಯಬೇಡಿ. ಒಳಗೆ ಆವಿಯ ಜೊತೆ ಅಮೋನಿಯ, ಕಾರ್ಬನ್ ಡೈಆಕ್ಸೈಡ್ ಒತ್ತಡವೂ ಇರುತ್ತದೆ. ನಿಕಲ್ ಲವಣಗಳು ಕ್ಯಾನ್ಸರ್‌ಕಾರಕ, ಗ್ಲೌಸ್ ಹಾಕಿ, ತೊಳೆದ ನೀರನ್ನು ಸಿಂಕಿಗೆ ಬಿಡಬೇಡಿ. ಎಕ್ಸ್‌ಆರ್‌ಡಿಗೆ (ಎಕ್ಸ್-ಕಿರಣದಿಂದ ಹರಳಿನ ರಚನೆ ನೋಡುವ ಪರೀಕ್ಷೆ) ಫೋಮನ್ನೇ ಇಟ್ಟರೆ ನಿಕಲ್ ಲೋಹದ 44.5 ಮತ್ತು 51.8 ಡಿಗ್ರಿ ಕೋನದ ಶಿಖರಗಳು ಉಳಿದೆಲ್ಲವನ್ನೂ ಮುಚ್ಚಿಬಿಡುತ್ತವೆ. ಪದರವನ್ನು ಸೋನಿಕೇಟ್ ಮಾಡಿ ಉದುರಿಸಿ ಪುಡಿಯನ್ನು ನೋಡಿ, 11.5 ಡಿಗ್ರಿಯ ಹತ್ತಿರದ ಶಿಖರ ಎಲ್‌ಡಿಎಚ್‌ನ ಗುರುತು.

ಗ್ಲಾಸಿ ಕಾರ್ಬನ್ ಮೇಲೆ ಹಾಕಿದ ಇಂಕ್ ಟೆಸ್ಟ್ ಮಧ್ಯದಲ್ಲೇ ಎದ್ದು ಬರುತ್ತೆ. ಏನು ಮಾಡೋದು?

ಮೊದಲು ಗ್ಲಾಸಿ ಕಾರ್ಬನ್‌ನ, ಅಂದರೆ ಗಾಜಿನಂತೆ ನುಣುಪಾದ ಇಂಗಾಲದ ಎಲೆಕ್ಟ್ರೋಡ್‌ನ, ಪಾಲಿಶ್ ನೋಡಿ. ಅಲ್ಯುಮಿನಾ 1, 0.3, 0.05 ಮೈಕ್ರಾನ್ ಕ್ರಮದಲ್ಲಿ ಎಂಟರ ಆಕಾರದಲ್ಲಿ ತಿಕ್ಕಿ, ಪ್ರತಿ ಸಲ ತೊಳೆಯಿರಿ. ಇಂಕ್‌ಗೆ 5 ಮಿ.ಗ್ರಾಂ. ಕ್ಯಾಟಲಿಸ್ಟ್, 1 ಮಿ.ಲೀ. ನೀರು-ಐಸೊಪ್ರೊಪನಾಲ್ (3:1), ಶೇ. 5 ನಾಫಿಯಾನ್ (ಪದರವನ್ನು ಅಂಟಿಸುವ ಪಾಲಿಮರ್) 30 ಮೈಕ್ರೊಲೀಟರ್. 30 ನಿಮಿಷ ಸೋನಿಕೇಟ್ ಮಾಡುವಾಗ ನೀರಿಗೆ ಐಸ್ ಹಾಕುತ್ತಿರಿ, ಇಲ್ಲದಿದ್ದರೆ ತೊಟ್ಟಿ ಬಿಸಿಯಾಗಿ ಇಂಕ್ ಗಂಟು ಕಟ್ಟುತ್ತದೆ. 3 ಮಿ.ಮೀ. ಎಲೆಕ್ಟ್ರೋಡ್‌ನ ವಿಸ್ತೀರ್ಣ 0.0707 ಚದರ ಸೆಂ.ಮೀ.; 5 ಮೈಕ್ರೊಲೀಟರ್ ಹಾಕಿದರೆ ಚದರ ಸೆಂ.ಮೀ.ಗೆ ಸುಮಾರು 0.35 ಮಿ.ಗ್ರಾಂ. ಕೂರುತ್ತದೆ.

ಬೇಸಿಗೆಯಲ್ಲಿ ಫ್ಯಾನ್ ಕೆಳಗೆ ಒಣಗಿಸಿದರೆ ಅಂಚಿನಲ್ಲಿ ಉಂಗುರ ಕಟ್ಟಿ ನಡು ಬರಿದಾಗುತ್ತದೆ. ಮೇಲೆ ಬೀಕರ್ ಕವುಚಿ ನಿಧಾನ ಒಣಗಲು ಬಿಡಿ. ನಾಫಿಯಾನ್ ಹೆಚ್ಚಿಸಿದರೆ ಪದರ ಅಂಟುತ್ತದೆ ನಿಜ, ಆದರೆ ಕ್ರಿಯೆಯ ಜಾಗಗಳೂ ಮುಚ್ಚಿಹೋಗುತ್ತವೆ. ಗುಳ್ಳೆಗಳೇ ಎಬ್ಬಿಸುತ್ತಿದ್ದರೆ ಎಲೆಕ್ಟ್ರೋಡನ್ನು ನಿಮಿಷಕ್ಕೆ 1600 ಸುತ್ತಿನಲ್ಲಿ ತಿರುಗಿಸಿ. ಒಂದು ಮಾತು: ಆಕ್ಸಿಜನ್ ಕಡೆಯ ದೀರ್ಘ ಪರೀಕ್ಷೆಗೆ ಗ್ಲಾಸಿ ಕಾರ್ಬನ್ ಹೊಂದುವುದಿಲ್ಲ. ಆ ವೋಲ್ಟೇಜ್‌ನಲ್ಲಿ ಇಂಗಾಲವೇ ಉರಿಯುತ್ತಿರುತ್ತದೆ. ಕ್ಯಾಟಲಿಸ್ಟ್ ಸತ್ತಿತು ಎಂದು ನೀವು ತಿಳಿಯುವುದು ಎಷ್ಟೋ ಸಲ ಕೆಳಗಿನ ನೆಲ ಕುಸಿದದ್ದು.

ಸಿಲ್ವರ್ ಕ್ಲೋರೈಡ್ ರೆಫರೆನ್ಸ್ ಒಂದೇ ಇದೆ. 1 ಮೋಲಾರ್ ಕ್ಷಾರದಲ್ಲಿ ಅದನ್ನೇ ಬಳಸಬಹುದಾ?

ಬೇಡ. ರೆಫರೆನ್ಸ್ ಅಂದರೆ ವೋಲ್ಟೇಜ್ ಅಳೆಯಲು ಆಧಾರವಾಗಿಡುವ ಎಲೆಕ್ಟ್ರೋಡ್. ಕ್ಷಾರ ಅದರ ತುದಿಯ ರಂಧ್ರದೊಳಗೆ ನುಗ್ಗಿ ಸಿಲ್ವರ್ ಕ್ಲೋರೈಡನ್ನು ಆಕ್ಸೈಡ್ ಮಾಡುತ್ತದೆ, ವೋಲ್ಟೇಜ್ ದಿನದಿಂದ ದಿನಕ್ಕೆ ಜರುಗುತ್ತದೆ. ಕ್ಲೋರೈಡ್ ಬೇರೆ ನಿಮ್ಮ ದ್ರಾವಣಕ್ಕೆ ಇಳಿಯುತ್ತದೆ. ಮರ್ಕ್ಯುರಿ ಆಕ್ಸೈಡ್ ರೆಫರೆನ್ಸ್ ತರಿಸಿ. ಲೆಕ್ಕ ಹೀಗೆ: ಅಳೆದ ವೋಲ್ಟೇಜ್ + 0.098 + (0.0591 × ಪಿಎಚ್) = ಆರ್‌ಎಚ್‌ಇ (ಅದೇ ದ್ರಾವಣದಲ್ಲಿರುವ ಹೈಡ್ರೋಜನ್ ಎಲೆಕ್ಟ್ರೋಡ್) ಮೇಲಿನ ವೋಲ್ಟೇಜ್. ಪಿಎಚ್ 14 ಎಂದು ಹಿಡಿದರೆ ಸೇರಿಸಬೇಕಾದದ್ದು ಸುಮಾರು 0.925. ಈ ಸಂಖ್ಯೆಯನ್ನು ಕಣ್ಣುಮುಚ್ಚಿ ಹಾಕಬೇಡಿ. ಅದೇ ದ್ರಾವಣಕ್ಕೆ ಹೈಡ್ರೋಜನ್ ಹಾಯಿಸಿ, ಶುದ್ಧ ಪ್ಲಾಟಿನಂ ತಂತಿಯಲ್ಲಿ ನಿಧಾನ ಸ್ಕ್ಯಾನ್ ಮಾಡಿ, ಕರೆಂಟ್ ಸೊನ್ನೆ ದಾಟುವ ಜಾಗ ನೋಡಿ. ಲೆಕ್ಕಕ್ಕೂ ಅದಕ್ಕೂ 10 ಮಿಲಿವೋಲ್ಟ್‌ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ರೆಫರೆನ್ಸ್‌ನ ಒಳದ್ರಾವಣ ಬದಲಿಸಿ.

ತಿಪಟೂರಲ್ಲಿ ತೆಂಗಿನ ಚಿಪ್ಪು ಬೇಕಾದಷ್ಟಿದೆ. ಅದರಿಂದ ಫ್ಯೂಯೆಲ್ ಸೆಲ್ ಕ್ಯಾಟಲಿಸ್ಟ್ ಆಗುತ್ತಾ?

ಚಿಪ್ಪಿನಿಂದ ಒಳ್ಳೆಯ ರಂಧ್ರಮಯ ಇಂಗಾಲ ಆಗುತ್ತದೆ. ಅಷ್ಟಕ್ಕೇ ಅದು ಕ್ಯಾಟಲಿಸ್ಟ್ ಆಗುವುದಿಲ್ಲ, ಸಾರಜನಕ ಸೇರಿಸಬೇಕು. ಚಿಪ್ಪಿನ ಪುಡಿಯನ್ನು ಸಾರಜನಕದ ಹರಿವಿನಲ್ಲಿ 450 ಡಿಗ್ರಿಯಲ್ಲಿ 2 ಗಂಟೆ ಕರಿಮಾಡಿ. ಒಂದು ಪಾಲು ಕರಿಗೆ ಮೂರು ಪಾಲು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೆರೆಸಿ, ನಿಮಿಷಕ್ಕೆ 5 ಡಿಗ್ರಿ ಏರಿಸುತ್ತ 750ರಲ್ಲಿ 1 ಗಂಟೆ. ಪಿಂಗಾಣಿ ದೋಣಿಯನ್ನು ಈ ಕ್ಷಾರ ತಿಂದುಹಾಕುತ್ತದೆ, ನಿಕಲ್ ದೋಣಿ ಬಳಸಿ. ಈ ಶಾಖದಲ್ಲಿ ಪೊಟ್ಯಾಸಿಯಂ ಲೋಹವೇ ಹುಟ್ಟಿ ನಳಿಕೆಯ ತಣ್ಣನೆಯ ತುದಿಯಲ್ಲಿ ಕೂತಿರಬಹುದು; ನೀರು ತಾಗಿದರೆ ಹೊತ್ತಿಕೊಳ್ಳುತ್ತದೆ. ಪೂರ್ತಿ ತಣ್ಣಗಾದ ಮೇಲೆ ಮೊದಲು ಎಥನಾಲ್ ಹನಿಸಿ, ಆಮೇಲೆ ನೀರು. 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದು, ಮೆಲಮೈನ್ ಬೆರೆಸಿ 900 ಡಿಗ್ರಿಯಲ್ಲಿ ಮತ್ತೊಮ್ಮೆ ಕಾಯಿಸಿ.

ರೇಷ್ಮೆ ಪ್ರೋಟೀನ್ ಆದ್ದರಿಂದ ಅದರಲ್ಲೇ ಸಾರಜನಕ ಇದೆ. ಶಿಡ್ಲಘಟ್ಟ ಕಡೆಯ ನೂಲು ತ್ಯಾಜ್ಯದಲ್ಲಿ ಪ್ರಯತ್ನಿಸುವವರಿಗೆ ಮೆಲಮೈನ್ ಹಂತ ಬೇಕಾಗದೆ ಹೋಗಬಹುದು. ಯಾವುದರಿಂದ ಮಾಡಿದರೂ "ಲೋಹರಹಿತ" ಎಂದು ಬರೆಯುವ ಮುನ್ನ ಐಸಿಪಿ-ಎಂಎಸ್ (ಅತ್ಯಲ್ಪ ಲೋಹವನ್ನೂ ಅಳೆಯುವ ಪರೀಕ್ಷೆ) ಮಾಡಿಸಿ. ಗಿಡದ ಬೂದಿಯಲ್ಲಿ ಕಬ್ಬಿಣ, ಮ್ಯಾಂಗನೀಸ್ ಇದ್ದೇ ಇರುತ್ತವೆ. ಕೆಲಸ ಮಾಡುತ್ತಿರುವುದು ಆ ಎಳ್ಳಷ್ಟು ಕಬ್ಬಿಣವೇ ಇರಬಹುದು.

ರಾತ್ರಿ ಕರೆಂಟ್ ಹೋದ್ರೆ ಫರ್ನೇಸಲ್ಲಿರೋ ಸ್ಯಾಂಪಲ್ ಕಥೆ?

ಶಾಖ ನಿಧಾನಕ್ಕೆ ಇಳಿಯುತ್ತದೆ, ಅದರಿಂದ ನಷ್ಟ ಕಡಿಮೆ. ಅಪಾಯ ಅನಿಲದ ಕಡೆ. ವಿದ್ಯುತ್ ಚಾಲಿತ ಫ್ಲೋ ಕಂಟ್ರೋಲರ್ ಬಹುಪಾಲು ಕರೆಂಟ್ ಹೋದೊಡನೆ ಮುಚ್ಚಿಕೊಳ್ಳುತ್ತದೆ. ತಣಿಯುವ ನಳಿಕೆ ಗಾಳಿಯನ್ನು ಎಳೆದುಕೊಂಡು ಇಂಗಾಲ ಬೂದಿಯಾಗುತ್ತದೆ. ಸಿಲಿಂಡರಿನಿಂದ ಸಾದಾ ರೋಟಾಮೀಟರ್ ಮೂಲಕ ಇನ್ನೊಂದು ಸಣ್ಣ ಹರಿವು ಸದಾ ಬಿಟ್ಟಿರಿ. ಪೊಟೆನ್ಷಿಯೋಸ್ಟಾಟ್‌ಗೆ (ವೋಲ್ಟೇಜ್ ಹಿಡಿದಿಟ್ಟು ಕರೆಂಟ್ ಅಳೆಯುವ ಯಂತ್ರ) ಯುಪಿಎಸ್ ಇರಲಿ. ನಿಂತುಹೋದ ಸ್ಥಿರತೆ ಪರೀಕ್ಷೆಯನ್ನು ಮುಂದುವರಿಸಿದರೆ ಗ್ರಾಫಿನಲ್ಲಿ ಆ ಜಾಗವನ್ನು ಗುರುತಿಸಿ ತೋರಿಸಿ.

### ಅಳತೆಯ ಸೂಕ್ಷ್ಮ

ನಮ್ಮ ಕ್ಯಾಟಲಿಸ್ಟಿಗೆ 10 ಮಿಲಿಆಂಪಿಯರ್‌ನಲ್ಲಿ 180 ಮಿಲಿವೋಲ್ಟ್ ಬಂತು. ಪೇಪರ್ ಬರೀಬಹುದಾ?

ನಿಕಲ್ ಫೋಮ್ ಮೇಲೆ ಬಂದ ಸಂಖ್ಯೆ ಆದರೆ ತಡೆಯಿರಿ. 180 ಮಿಲಿವೋಲ್ಟ್ ಓವರ್‌ಪೊಟೆನ್ಷಿಯಲ್ ಅಂದರೆ 1.23 + 0.18 = 1.41 ವೋಲ್ಟ್. ನಿಕಲ್ ತಾನೇ ಎರಡರಿಂದ ಮೂರನೇ ಆಕ್ಸಿಡೀಕರಣ ಸ್ಥಿತಿಗೆ ಏರುವ ಶಿಖರ ಬರುವುದು 1.35ರಿಂದ 1.45 ವೋಲ್ಟ್ ನಡುವೆ. ನೀವು ಓದಿದ 10 ಮಿಲಿಆಂಪಿಯರ್ ಆ ಶಿಖರದ್ದು, ಆಕ್ಸಿಜನ್‌ದಲ್ಲ. ಮೇಲಿನಿಂದ ಕೆಳಗೆ ಸ್ಕ್ಯಾನ್ ಮಾಡಿ ನೋಡಿ, ಅಥವಾ 10 ಮಿಲಿಆಂಪಿಯರನ್ನು ಸ್ಥಿರವಾಗಿ ಅರ್ಧ ಗಂಟೆ ಹರಿಸಿ ವೋಲ್ಟೇಜ್ ಎಲ್ಲಿ ನಿಲ್ಲುತ್ತದೆ ನೋಡಿ. ಹೆಚ್ಚಿನ ಸಲ ಅದು ಮೇಲಕ್ಕೆ ಹೋಗಿ ನಿಲ್ಲುತ್ತದೆ. ಪೇಪರಿಗೆ ಹೋಗಬೇಕಾದ ಸಂಖ್ಯೆ ಅದು.

ಎರಡನೆಯದು ದ್ರಾವಣದ ರೋಧ. 1 ಚದರ ಸೆಂ.ಮೀ. ಫೋಮ್‌ನಲ್ಲಿ 100 ಮಿಲಿಆಂಪಿಯರ್ ಹರಿಯುವಾಗ ರೋಧ 1.5 ಓಮ್ ಇದ್ದರೆ 150 ಮಿಲಿವೋಲ್ಟ್ ಅಲ್ಲೇ ಹೋಗುತ್ತದೆ. ಇಂಪಿಡೆನ್ಸ್‌ನಲ್ಲಿ (ಏರಿಳಿಯುವ ವಿದ್ಯುತ್ತಿಗೆ ಸೆಲ್ ಒಡ್ಡುವ ತಡೆಯ ಅಳತೆ) ಹೆಚ್ಚು ಆವರ್ತನದ ತುದಿಯಿಂದ ರೋಧ ಅಳೆದು, ಎಷ್ಟು ಶೇಕಡ ಕಳೆದಿರಿ ಎಂದು ಬರೆಯಿರಿ. ಹೆಚ್ಚು ಕಳೆದರೆ ಗ್ರಾಫ್ ಹಿಂದಕ್ಕೆ ಬಾಗುತ್ತದೆ. ಅಂಥ ಗ್ರಾಫನ್ನು ಯಾರಿಗೂ ತೋರಿಸಬೇಡಿ.

ಮೂರನೆಯದು ಎಲ್ಲಕ್ಕಿಂತ ಮೋಸದ್ದು: ಕ್ಷಾರದಲ್ಲಿರುವ ಕಬ್ಬಿಣ. ಅಂಗಡಿಯ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿರುವ ಅತ್ಯಲ್ಪ ಕಬ್ಬಿಣವೇ ನಿಕಲ್ ಪದರಕ್ಕೆ ಸೇರಿ ಅದನ್ನು ಚುರುಕುಗೊಳಿಸುತ್ತದೆ ಎಂದು ಕಾರಿಗನ್ 1987ರಲ್ಲೇ ತೋರಿಸಿದ್ದರು. ನೀವು ಸೇರಿಸಿದ ವೆನೇಡಿಯಂನಿಂದಲೋ ಗಂಧಕದಿಂದಲೋ ಚೆನ್ನಾಯಿತು ಎನ್ನುವ ಮೊದಲು ಕ್ಷಾರವನ್ನು ಶುದ್ಧ ನಿಕಲ್ ಹೈಡ್ರಾಕ್ಸೈಡ್ ಪುಡಿಯೊಂದಿಗೆ ಕಲಕಿ, ಪುಡಿ ಕೂತ ಮೇಲೆ ತಿಳಿಯನ್ನು ಬಸಿದುಕೊಂಡು ಮತ್ತೆ ಅಳೆಯಿರಿ. ಪಾತ್ರೆ ಪ್ಲಾಸ್ಟಿಕ್ಕಿನದ್ದಾಗಿರಲಿ, ಗಾಜು ಕ್ಷಾರದಲ್ಲಿ ಕರಗಿ ಕಲ್ಮಶ ಬಿಡುತ್ತದೆ.

ಹೈಡ್ರೋಜನ್ ಕಡೆ ಅಳೆಯುವಾಗ ಪ್ಲಾಟಿನಂ ಕೌಂಟರ್ ಬಳಸಿದ್ರೆ ತಪ್ಪಾ?

ತಪ್ಪೇ. ಕೌಂಟರ್, ಅಂದರೆ ಎದುರಿನ ಎಲೆಕ್ಟ್ರೋಡ್, ಆಗ ಆನೋಡ್ ಆಗಿರುತ್ತದೆ, ಪ್ಲಾಟಿನಂ ಸ್ವಲ್ಪ ಸ್ವಲ್ಪ ಕರಗಿ ನಿಮ್ಮ ಕ್ಯಾಟಲಿಸ್ಟ್ ಮೇಲೆ ಬಂದು ಕೂರುತ್ತದೆ. ವೋಲ್ಟೇಜನ್ನು ಸಾವಿರ ಸಲ ಏರಿಳಿಸಿದ ನಂತರ ಕ್ಯಾಟಲಿಸ್ಟ್ "ಇನ್ನೂ ಉತ್ತಮವಾಯಿತು" ಎಂದು ಕಂಡರೆ ಮೊದಲ ಅನುಮಾನ ಇದರ ಮೇಲಿರಲಿ. ಗ್ರಾಫೈಟ್ ಕಡ್ಡಿ ಹಾಕಿ, ನಡುವೆ ಪರದೆ ಇಡಿ.

ಬಂದ ಅನಿಲ ಸರಿಯಾಗಿದೆಯಾ ಅಂತ ಗ್ಯಾಸ್ ಕ್ರೊಮಾಟೋಗ್ರಾಫ್ ಇಲ್ಲದೆ ತಿಳಿಯೋದು ಹೇಗೆ?

ನೀರು ತುಂಬಿದ ಬ್ಯೂರೆಟನ್ನು ತಲೆಕೆಳಗು ನಿಲ್ಲಿಸಿ ಹಿಡಿಯಿರಿ. 100 ಮಿಲಿಆಂಪಿಯರ್ 1 ಗಂಟೆ ಹರಿದರೆ 360 ಕೂಲಾಂ. 25 ಡಿಗ್ರಿಯಲ್ಲಿ ಹೈಡ್ರೋಜನ್ 45.6 ಮಿ.ಲೀ., ಆಕ್ಸಿಜನ್ 22.8 ಮಿ.ಲೀ. ಬರಬೇಕು. ನೀರಾವಿಯ ಪಾಲು ಕಳೆಯಿರಿ. ಮೊದಲ ಹತ್ತು ನಿಮಿಷ ಅನಿಲ ದ್ರಾವಣದಲ್ಲೇ ಕರಗುವುದರಿಂದ ಆ ಭಾಗ ಬಿಡಿ. ಆಕ್ಸಿಜನ್ ಶೇ. 90ಕ್ಕಿಂತ ಕಡಿಮೆ ಬಂದರೆ, ಸೋರಿಕೆ ಇಲ್ಲವೆಂದು ಖಚಿತವಾದ ಮೇಲೆ, ಕ್ಯಾಟಲಿಸ್ಟೇ ಆಕ್ಸೈಡ್ ಆಗುತ್ತಿದೆ ಎಂದು ತಿಳಿಯಿರಿ. ಸಲ್ಫೈಡ್, ಫಾಸ್ಫೈಡ್‌ಗಳಲ್ಲಿ ಇದು ಮಾಮೂಲಿ.

ತಿರುಗುವ ಡಿಸ್ಕ್‌ನಲ್ಲಿ ಪ್ಲಾಟಿನಂಗೆ ಸಮ ಬಂದದ್ದು ಫ್ಯೂಯೆಲ್ ಸೆಲ್‌ನಲ್ಲಿ ಯಾಕೆ ಮಕಾಡೆ ಮಲಗುತ್ತೆ?

ಡಿಸ್ಕ್‌ನಲ್ಲಿ, ಅಂದರೆ ದ್ರಾವಣದಲ್ಲಿ ತಿರುಗಿಸುತ್ತ ಅಳೆಯುವ ಸಣ್ಣ ಎಲೆಕ್ಟ್ರೋಡ್‌ನಲ್ಲಿ, ನಿಮಿಷಕ್ಕೆ 1600 ಸುತ್ತಿಗೆ ಸಿಗುವ ಗರಿಷ್ಠ ಕರೆಂಟು ಚದರ ಸೆಂ.ಮೀ.ಗೆ 5.5–6 ಮಿಲಿಆಂಪಿಯರ್. ಅಸಲಿ ಸೆಲ್‌ನಲ್ಲಿ 1000 ಬೇಕು. ಡಿಸ್ಕ್‌ನ ಪದರ ಒಂದೆರಡು ಮೈಕ್ರಾನ್ ದಪ್ಪ. ಪ್ಲಾಟಿನಂ ಇಲ್ಲದ ಕಬ್ಬಿಣ-ಸಾರಜನಕ-ಇಂಗಾಲದ ಕ್ಯಾಟಲಿಸ್ಟ್‌ನ್ನು ಸೆಲ್‌ನಲ್ಲಿ ಹತ್ತಾರು ಮೈಕ್ರಾನ್ ದಪ್ಪ ಹಾಕಬೇಕಾಗುತ್ತದೆ. ಆ ದಪ್ಪದೊಳಗೆ ಆಕ್ಸಿಜನ್ ಇಳಿಯಬೇಕು, ಪ್ರೋಟಾನ್ ಏರಬೇಕು, ಹುಟ್ಟಿದ ನೀರು ಹೊರಬರಬೇಕು. ಅಯೊನೊಮರ್ (ಪ್ರೋಟಾನ್ ಸಾಗಿಸುವ ಪಾಲಿಮರ್) ಕಡಿಮೆಯಾದರೆ ಪ್ರೋಟಾನ್ ಬರುವುದಿಲ್ಲ, ಹೆಚ್ಚಾದರೆ ರಂಧ್ರ ಮುಚ್ಚಿ ನೀರು ನಿಲ್ಲುತ್ತದೆ. ಇಲ್ಲಿ ಕ್ಯಾಟಲಿಸ್ಟ್ ಬದಲಿಸುವುದಕ್ಕಿಂತ ಅಯೊನೊಮರ್-ಇಂಗಾಲದ ಪ್ರಮಾಣವನ್ನು ನಾಲ್ಕೈದು ಹಂತದಲ್ಲಿ ಬದಲಿಸಿ ನೋಡುವುದು ಹೆಚ್ಚು ಫಲ ಕೊಡುತ್ತದೆ.

ಡಿಸ್ಕ್‌ನ ಅಳತೆಯೇ ಸರಿಯಿದೆಯೇ ಎಂದೂ ನೋಡಿ. ನಿಮ್ಮ ಲ್ಯಾಬಿನ ಪ್ಲಾಟಿನಂ-ಕಾರ್ಬನ್‌ಗೇ ಗರಿಷ್ಠ ಕರೆಂಟು 4 ಬರುತ್ತಿದ್ದರೆ ಪದರ ಸಮವಾಗಿಲ್ಲ, ಅಥವಾ ಆಕ್ಸಿಜನ್ ಅರ್ಧ ಗಂಟೆ ಹಾಯಿಸಿಲ್ಲ. ಕೆಟ್ಟದಾಗಿ ಅಳೆದ ಪ್ಲಾಟಿನಂ ಜೊತೆ ಹೋಲಿಸಿ ಗೆಲ್ಲುವುದು ಸುಲಭ.

ಎಷ್ಟು ಗಂಟೆ ಓಡಿಸಿದ್ರೆ ಸ್ಥಿರ ಅಂತ ಬರೀಬಹುದು?

ಕಾರ್ಖಾನೆಯ ಎಲೆಕ್ಟ್ರೊಲೈಜರ್ (ನೀರು ಒಡೆಯುವ ಯಂತ್ರ) 60,000 ಗಂಟೆ ಮೀರಿ ಓಡಬೇಕು. 10 ಮಿಲಿಆಂಪಿಯರ್‌ನಲ್ಲಿ 24 ಗಂಟೆ ಓಡಿಸಿದ ಗ್ರಾಫ್ ಅದರ ಮುಂದೆ ಏನನ್ನೂ ಹೇಳುವುದಿಲ್ಲ. ಕಾಲೇಜು ಲ್ಯಾಬಿನಲ್ಲಿ ಮಾಡಬಹುದಾದದ್ದು, ಪರಿಸ್ಥಿತಿಯನ್ನು ಕಠಿಣ ಮಾಡುವುದು: ಶೇ. 30 ಕ್ಷಾರ, 70–80 ಡಿಗ್ರಿ, ಚದರ ಸೆಂ.ಮೀ.ಗೆ 500 ಮಿಲಿಆಂಪಿಯರ್, ನಡುನಡುವೆ ಆರಿಸಿ ಹೊತ್ತಿಸುವುದು. ಫ್ಯೂಯೆಲ್ ಸೆಲ್ ಕ್ಯಾಟಲಿಸ್ಟ್‌ಗೆ ಅಮೆರಿಕದ ಇಂಧನ ಇಲಾಖೆಯ ಕ್ರಮದಂತೆ 0.6 ಮತ್ತು 0.95 ವೋಲ್ಟ್ ನಡುವೆ 30,000 ಸಲ ಏರಿಳಿಸಬೇಕು. ನೀರು ಆವಿಯಾಗುತ್ತಿರುತ್ತದೆ, ದಿನಕ್ಕೆರಡು ಸಲ ಶುದ್ಧ ನೀರು ಸೇರಿಸದಿದ್ದರೆ ಕ್ಷಾರ ಗಟ್ಟಿಯಾಗಿ ಸಂಖ್ಯೆ ತಪ್ಪುತ್ತದೆ. ಆರಂಭದಲ್ಲಿ, ನಡುವೆ, ಕೊನೆಯಲ್ಲಿ 5 ಮಿ.ಲೀ. ದ್ರಾವಣ ತೆಗೆದಿಟ್ಟು ಐಸಿಪಿಗೆ ಕಳಿಸಿ. ವೋಲ್ಟೇಜ್ ಅಲುಗದೆ ನಿಂತಿದ್ದರೂ ಲೋಹ ಕರಗುತ್ತಿರಬಹುದು. ಪದರ ದಪ್ಪಗಿರುವ ತನಕ ಗ್ರಾಫ್ ಅದನ್ನು ತೋರಿಸುವುದಿಲ್ಲ, ಆ ಮೂರು ಸಣ್ಣ ಬಾಟಲಿಗಳು ತೋರಿಸುತ್ತವೆ.